ವೈರಾಣುವಿನಲ್ಲಿ ವೈರ ಎಲ್ಲಿದೆ?

ಅಪರೂಪದ ಒಂದು ಚರ್ಮದ ಕ್ಯಾನ್ಸರಿನ ಹಿಂದೆ ವೈರಾಣು ಇದೆ ಎಂದು ಮನೆಯಲ್ಲಿ ಒಮ್ಮೆ ಹೇಳಿದೆ. ಅಮ್ಮ ಕೇಳಿದ ಮೊದಲ ಪ್ರಶ್ನೆ, 'ಹಾಗಾದ್ರೆ ಅದು ಅಂಟುತ್ತಾ?' ಕೊರೋನಾ ಕಾಲವನ್ನು ಕಂಡ ಯಾರೂ ಕೇಳುವ ಪ್ರಶ್ನೆಯೇ ಅದು. ನಾನು ಮೊದಲು 'ಇಲ್ಲ' ಎಂದೆ. ಆಮೇಲೆ ತಿದ್ದಿಕೊಂಡು, 'ವೈರಾಣು ಅಂಟುತ್ತೆ, ಕ್ಯಾನ್ಸರ್ ಅಂಟಲ್ಲ' ಎಂದೆ. ಕೊನೆಗೆ, 'ಆ ವೈರಾಣು ಈಗಾಗಲೇ ನಿನ್ನ ಚರ್ಮದ ಮೇಲೂ ಇರಬಹುದು, ನನ್ನ ಚರ್ಮದ ಮೇಲೂ ಇರಬಹುದು' ಎಂದೆ. ಅಮ್ಮ ಸುಮ್ಮನೆ ಸೆರಗಿಗೆ ಕೈ ಒರೆಸಿಕೊಂಡರು. ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅದರಿಂದ ಅವರಿಗೆ ತಿಳಿದದ್ದು ಏನೂ ಇಲ್ಲ, ಹುಟ್ಟಿದ್ದು ಒಂದಿಷ್ಟು ಭಯ ಮಾತ್ರ.

ತಪ್ಪು ನನ್ನ ವಿವರಣೆಯಲ್ಲಿತ್ತು, ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ ಅದು ನಾನು ಬಳಸಿದ ಪದಗಳಲ್ಲಿ ಇತ್ತೇ ಎಂಬ ಅನುಮಾನ ಆಮೇಲೆ ಕಾಡತೊಡಗಿತು. ಆ ಅನುಮಾನ ಇಟ್ಟುಕೊಂಡೇ ಮೂಲ ಲೇಖನವನ್ನು ಮತ್ತೆ ಓದಿದೆ. ಈ ಬರಹ ಆ ಓದಿನ ಫಲ. ವೈಜ್ಞಾನಿಕ ಪ್ರಬಂಧವನ್ನು ಸಾಹಿತ್ಯ ಕೃತಿಯಂತೆ ಓದುವುದು ಅತಿಯಾಯಿತು ಎನ್ನುವವರಿದ್ದಾರೆ. ಆದರೆ ಯಾವುದೇ ಬರಹ ಏನನ್ನು ಹೇಳುತ್ತದೆ, ಏನನ್ನು ಹೇಳದೆ ತಡೆದುಕೊಳ್ಳುತ್ತದೆ, ಯಾವ ಪದವನ್ನು ಆರಿಸಿಕೊಳ್ಳುತ್ತದೆ ಎಂದು ಕೇಳುವುದೇ ವಿಮರ್ಶೆಯಾದರೆ, ಪ್ರಯೋಗಾಲಯದ ಬರಹಗಳಿಗೆ ಅದರಿಂದ ವಿನಾಯಿತಿ ಏಕೆ?

ಆ ಲೇಖನ ಬಂದದ್ದು 2008ರ ಫೆಬ್ರವರಿಯಲ್ಲಿ, 'ಸೈನ್ಸ್' ಪತ್ರಿಕೆಯಲ್ಲಿ. ಇರುವುದು ಐದೇ ಪುಟ. ಬರೆದವರು ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಹುಯಿಚೆನ್ ಫೆಂಗ್, ಮಸಾಹಿರೊ ಶುಡಾ, ಯುವಾನ್ ಚಾಂಗ್ ಮತ್ತು ಪ್ಯಾಟ್ರಿಕ್ ಮೂರ್. ಚಾಂಗ್ ಮತ್ತು ಮೂರ್ ದಂಪತಿ 1994ರಲ್ಲಿಯೇ, ಏಡ್ಸ್ ರೋಗಿಗಳಲ್ಲಿ ಕಾಣಿಸಿಕೊಳ್ಳುತ್ತಿದ್ದ ಕಪೋಸಿ ಸಾರ್ಕೋಮಾ ಎಂಬ ಕ್ಯಾನ್ಸರಿನ ವೈರಸ್ಸನ್ನು ಕಂಡುಹಿಡಿದಿದ್ದವರು. ಹೊಸ ಲೇಖನದ ವಿಷಯ ಮರ್ಕೆಲ್ ಕೋಶ ಕ್ಯಾನ್ಸರ್. ಅದರಲ್ಲಿ ಒಂದು ಪಾಲಿಯೋಮಾ ವೈರಸ್ಸಿನ 'ಕ್ಲೋನಲ್ ಇಂಟಿಗ್ರೇಷನ್' ಕಂಡಿದೆ ಎಂದಷ್ಟೇ ಶೀರ್ಷಿಕೆ ಹೇಳುತ್ತದೆ. 'ಕಾರಣ' ಎಂಬ ಪದ ಶೀರ್ಷಿಕೆಯಲ್ಲಿಲ್ಲ. ಲೇಖಕರು ಸಾರಾಂಶದಲ್ಲಿಯೂ ವೈರಸ್ಸಿಗೆ ಈ ರೋಗದಲ್ಲಿ ಪಾತ್ರ ಇರಬಹುದು ಎನ್ನುವಷ್ಟಕ್ಕೇ ನಿಲ್ಲುತ್ತಾರೆ. ಈ ಸಂಯಮವನ್ನು ನಾನು ಮೊದಲ ಓದಿನಲ್ಲಿ ಗಮನಿಸಿಯೇ ಇರಲಿಲ್ಲ.

ಮೊದಲು ರೋಗದ ಬಗ್ಗೆ ಎರಡು ಮಾತು. ಜರ್ಮನಿಯ ಅಂಗರಚನಾಶಾಸ್ತ್ರಜ್ಞ ಫ್ರೆಡ್ರಿಕ್ ಮರ್ಕೆಲ್ 1875ರಲ್ಲಿ ಚರ್ಮದೊಳಗಿನ ಒಂದು ಬಗೆಯ ಕೋಶಗಳನ್ನು ವಿವರಿಸಿ, ಅವನ್ನು ಸ್ಪರ್ಶಕೋಶಗಳು ಎಂದು ಕರೆದ. ಹಗುರವಾದ ಮುಟ್ಟುವಿಕೆ ನಮಗೆ ತಿಳಿಯುವುದರಲ್ಲಿ ಅವುಗಳ ಪಾಲಿದೆ. ಸುಮಾರು ನೂರು ವರ್ಷದ ನಂತರ, 1972ರಲ್ಲಿ, ಸಿರಿಲ್ ಟೋಕರ್ ಎಂಬ ರೋಗಶಾಸ್ತ್ರಜ್ಞ ಐದು ರೋಗಿಗಳಲ್ಲಿ ಕಂಡ ವಿಚಿತ್ರ ಚರ್ಮದ ಗೆಡ್ಡೆಯೊಂದನ್ನು ವರದಿ ಮಾಡಿದ. ಸೂಕ್ಷ್ಮದರ್ಶಕದಲ್ಲಿ ಅದರ ಕೋಶಗಳು ತೊಲೆಗಳ ಹಾಗೆ ಸಾಲುಗಟ್ಟಿ ಕಂಡದ್ದರಿಂದ ಅದಕ್ಕೆ ಆ ಆಕಾರದ ಹೆಸರನ್ನೇ ಇಟ್ಟ. ಆ ಕೋಶಗಳು ಮರ್ಕೆಲ್ ಕೋಶಗಳನ್ನು ಹೋಲುತ್ತವೆ ಎಂದು ಗೊತ್ತಾದ ಮೇಲೆ ಈಗಿನ ಹೆಸರು ಬಂತು. ಹೆಚ್ಚಾಗಿ ವಯಸ್ಸಾದವರಲ್ಲಿ, ಬಿಸಿಲು ತಾಗುವ ಮುಖ, ತಲೆ, ಕತ್ತಿನ ಭಾಗದಲ್ಲಿ, ನೋವಿಲ್ಲದ ಕೆಂಪು ಅಥವಾ ನೇರಳೆ ಗಂಟಾಗಿ ಅದು ಕಾಣಿಸಿಕೊಳ್ಳುತ್ತದೆ, ಬೇಗ ಬೆಳೆಯುತ್ತದೆ, ಬೇಗ ಹರಡುತ್ತದೆ. ಅಮೆರಿಕದಂಥ ದೊಡ್ಡ ದೇಶದಲ್ಲಿ ವರ್ಷಕ್ಕೆ ಸುಮಾರು 2500ರಿಂದ 3000 ಮಂದಿಗೆ ಬರುವ ಕಾಯಿಲೆ ಇದು. ಏಡ್ಸ್ ಇರುವವರಲ್ಲಿ, ಅಂಗಾಂಗ ಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ತೆಗೆದುಕೊಳ್ಳುವವರಲ್ಲಿ ಇದು ಹೆಚ್ಚು. ಕಪೋಸಿ ಸಾರ್ಕೋಮಾದ ವಿಷಯದಲ್ಲೂ ಹಾಗೆಯೇ ಇತ್ತು. ಇಲ್ಲಿಯೂ ಸೋಂಕು ಇರಬಹುದೆಂಬ ಗುಮಾನಿ ಹುಟ್ಟಿದ್ದು ಅಲ್ಲಿಂದ.

ಲೇಖನದ ಮೊದಲ ಭಾಗ ಕಳೆಯುವ ಲೆಕ್ಕ. ನಾಲ್ಕು ಗೆಡ್ಡೆಗಳ ಕೋಶಗಳಲ್ಲಿ ಸಕ್ರಿಯವಾಗಿದ್ದ ವಂಶವಾಹಿ ಸಂದೇಶಗಳನ್ನು, ಒಟ್ಟು ಸುಮಾರು 4 ಲಕ್ಷ ತುಣುಕುಗಳನ್ನು, ಅವರು ಅಕ್ಷರ ಅಕ್ಷರವಾಗಿ ಓದಿಸಿದರು. ಆಮೇಲೆ ಮನುಷ್ಯನದೆಂದು ಗೊತ್ತಿರುವ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಕಳೆದರು. ಶೇಕಡಾ 99ಕ್ಕಿಂತ ಹೆಚ್ಚು ಕಳೆದುಹೋಯಿತು. ಉಳಿದ ಸುಮಾರು 2400 ತುಣುಕುಗಳಲ್ಲಿ ಒಂದೇ ಒಂದು, ಆಗಲೇ ಗೊತ್ತಿದ್ದ ಪಾಲಿಯೋಮಾ ವೈರಸ್ಸುಗಳನ್ನು ಹೋಲುತ್ತಿತ್ತು. ಆ ಒಂದು ಎಳೆಯನ್ನು ಹಿಡಿದು ಎಳೆದಾಗ 5387 ಅಕ್ಷರಗಳ ಇಡೀ ವೈರಸ್ಸು ಹೊರಗೆ ಬಂತು. ಮನುಷ್ಯನ ವಂಶವಾಹಿ ಗ್ರಂಥ ಮುನ್ನೂರು ಕೋಟಿ ಅಕ್ಷರಗಳದ್ದು ಎಂದು ನೆನಪಿಟ್ಟುಕೊಂಡರೆ ಅದು ಎಷ್ಟು ಚಿಕ್ಕದು ಎಂದು ತಿಳಿಯುತ್ತದೆ.

ಪರೀಕ್ಷಿಸಿದ 10 ಗೆಡ್ಡೆಗಳಲ್ಲಿ 8ರಲ್ಲಿ ಈ ವೈರಸ್ಸು ಇತ್ತು. ಹೋಲಿಕೆಗೆಂದು ನೋಡಿದ ದೇಹದ ಬೇರೆ ಭಾಗಗಳ 59 ಮಾದರಿಗಳಲ್ಲಿ 5ರಲ್ಲಿ, ಚರ್ಮದ 25 ಮಾದರಿಗಳಲ್ಲಿ 4ರಲ್ಲಿ ಕೂಡ ಅದು ಸಿಕ್ಕಿತು. ಅಂದರೆ, ಗೆಡ್ಡೆಯಲ್ಲಿ ವೈರಸ್ಸು ಸಿಕ್ಕಿತು ಎಂಬುದರಿಂದಲೇ ಏನೂ ಸಾಬೀತಾಗುವುದಿಲ್ಲ. ಅದು ಮೊದಲೇ ಅಲ್ಲಿ ವಾಸವಾಗಿದ್ದಿರಬಹುದು. ಗೆಡ್ಡೆ ಬೆಳೆದ ಮೇಲೆ ಬಂದು ಸೇರಿರಲೂಬಹುದು. ಬೆಂಕಿ ಬಿದ್ದ ಮನೆಯ ಮುಂದೆ ನಿಂತವರೆಲ್ಲ ಬೆಂಕಿ ಇಟ್ಟವರಲ್ಲವಲ್ಲ. ಮೊದಲು ಬಂದದ್ದು ವೈರಸ್ಸೋ ಗೆಡ್ಡೆಯೋ? ಲೇಖನದ ನಿಜವಾದ ಪ್ರಶ್ನೆ ಇದು. ಉತ್ತರ ಇರುವುದು ಶೀರ್ಷಿಕೆಯ ಆ ಎರಡು ಪದಗಳಲ್ಲಿ.

ಅದನ್ನು ಕನ್ನಡದಲ್ಲಿ ಹೇಗೆ ಹೇಳುವುದು? 'ಇಂಟಿಗ್ರೇಷನ್' ಎಂದರೆ ವೈರಸ್ಸಿನ ಡಿಎನ್‌ಎ ನಮ್ಮ ಕೋಶದ ಡಿಎನ್‌ಎ ಎಳೆಯೊಳಗೇ ಸೇರಿಕೊಂಡುಬಿಡುವುದು. 'ಏಕೀಕರಣ' ಎನ್ನೋಣವೆಂದರೆ ನಮ್ಮ ಕಿವಿಗೆ ಅದು 1956ರ ಹಬ್ಬದ ಪದ. 'ವಿಲೀನ' ಎಂದರೆ ಸೇರಿದ್ದು ಕರಗಿ ಗುರುತು ಕಳೆದುಕೊಂಡಿತು ಎಂದಾಗುತ್ತದೆ. ಇಲ್ಲಿ ಕರಗುವುದು ಏನೂ ಇಲ್ಲ, ಸೇರಿದ ಭಾಗ ಎಲ್ಲಿ ಆರಂಭ ಎಲ್ಲಿ ಕೊನೆ ಎಂದು ಬೆರಳಿಟ್ಟು ತೋರಿಸಬಹುದು. ನನಗೆ ಹತ್ತಿರ ಅನ್ನಿಸಿದ ಪದ ಹಳೆಗನ್ನಡ ಓದುವವರ ಬಳಿ ಇದೆ: ಪ್ರಕ್ಷೇಪ.

ಡಿ. ಎಲ್. ನರಸಿಂಹಾಚಾರ್ ಅವರ 'ಕನ್ನಡ ಗ್ರಂಥಸಂಪಾದನೆ'ಯನ್ನು ಪಠ್ಯವಾಗಿ ಓದಿದವರಿಗೆ ಈ ತರ್ಕ ಪರಿಚಿತ. ಓಲೆಗರಿಯಿಂದ ಓಲೆಗರಿಗೆ ಕಾವ್ಯವನ್ನು ನಕಲು ಮಾಡುವಾಗ ಲಿಪಿಕಾರ ಎಲ್ಲಿಂದಲೋ ಬಂದ ಒಂದು ಪದ್ಯವನ್ನು ನಡುವೆ ಸೇರಿಸಿಬಿಡುತ್ತಾನೆ. ಆ ಪ್ರತಿಯಿಂದ ಮುಂದೆ ಹುಟ್ಟುವ ಪ್ರತಿಗಳಲ್ಲೆಲ್ಲ ಆ ಪದ್ಯ ಅದೇ ಜಾಗದಲ್ಲಿ ಬರುತ್ತದೆ. ಇಪ್ಪತ್ತು ಪ್ರತಿಗಳಲ್ಲಿ ಒಂದೇ ಪ್ರಕ್ಷಿಪ್ತ ಪದ್ಯ ಒಂದೇ ಎಡೆಯಲ್ಲಿ ಕಂಡರೆ, ಇಪ್ಪತ್ತು ಲಿಪಿಕಾರರು ಬೇರೆಬೇರೆಯಾಗಿ ಅದೇ ತಪ್ಪು ಮಾಡಿದರು ಎಂದು ಸಂಪಾದಕ ತಿಳಿಯುವುದಿಲ್ಲ. ಇವೆಲ್ಲಕ್ಕೂ ಒಂದೇ ಮಾತೃಪ್ರತಿ ಇತ್ತು, ಸೇರ್ಪಡೆ ಅಲ್ಲಿಯೇ ಆಗಿತ್ತು ಎಂದು ತಿಳಿಯುತ್ತಾನೆ. ಸಮಾನ ದೋಷ ಸಮಾನ ಮೂಲವನ್ನು ತೋರಿಸುತ್ತದೆ.

ಪಿಟ್ಸ್‌ಬರ್ಗಿನವರು ಮಾಡಿದ್ದು ಇದನ್ನೇ. ಗೆಡ್ಡೆಯ ಡಿಎನ್‌ಎಯನ್ನು ನಿರ್ದಿಷ್ಟ ಜಾಗಗಳಲ್ಲಿ ಕತ್ತರಿಸುವ ಕಿಣ್ವದಿಂದ ತುಂಡು ಮಾಡಿ, ಅಳತೆಗೆ ತಕ್ಕಂತೆ ತುಂಡುಗಳನ್ನು ಸಾಲಾಗಿ ಹರಡಿ, ವೈರಸ್ಸಿನ ಅಕ್ಷರಗಳಿರುವ ತುಂಡು ಯಾವುದೆಂದು ಹುಡುಕಿದರು. ಸದರ್ನ್ ಬ್ಲಾಟ್ ಎಂಬ ಈ ವಿಧಾನ ಆಗಲೇ ಹಳೆಯದು. ವೈರಸ್ಸು ಒಂದೊಂದು ಕೋಶದಲ್ಲಿ ಒಂದೊಂದು ಕಡೆ ಸೇರಿದ್ದರೆ ಅಳತೆಗಳೆಲ್ಲ ಬೇರೆಯಾಗಿ ಚಿತ್ರ ಕಲಸಿಹೋಗಬೇಕು. ಎಲ್ಲ ಕೋಶಗಳಲ್ಲೂ ಒಂದೇ ಕಡೆ ಇದ್ದರೆ ಖಚಿತವಾದ ಪಟ್ಟಿ ಮೂಡಬೇಕು. ವೈರಸ್ಸಿದ್ದ 8 ಗೆಡ್ಡೆಗಳಲ್ಲಿ 6ರಲ್ಲಿ ಮೂಡಿದ್ದು ಖಚಿತವಾದ ಪಟ್ಟಿ. ಒಬ್ಬ ರೋಗಿಯ ಮೂಲ ಗೆಡ್ಡೆಯಲ್ಲೂ ದುಗ್ಧಗ್ರಂಥಿಗೆ ಹರಡಿದ ಗೆಡ್ಡೆಯಲ್ಲೂ ಪಟ್ಟಿ ಒಂದೇ. ಅಂದರೆ ಸೇರ್ಪಡೆ ಮಾತೃಕೋಶದಲ್ಲಿಯೇ ಆಗಿತ್ತು, ಕೋಟಿಗಟ್ಟಲೆ ನಕಲುಗಳು ಆಮೇಲೆ ಹುಟ್ಟಿದವು. ವೈರಸ್ಸು ಮೊದಲು, ಗೆಡ್ಡೆ ಆಮೇಲೆ. 'ಕ್ಲೋನಲ್' ಎಂಬ ವಿಶೇಷಣದಲ್ಲಿ ಇಷ್ಟು ದೊಡ್ಡ ವಾದ ಅಡಗಿದೆ. ಇಲ್ಲಿ ಲೇಖಕರು ಗಟ್ಟಿ ದನಿಯಲ್ಲಿ ಏನನ್ನೂ ಹೇಳುವುದಿಲ್ಲ, ಪಟ್ಟಿಗಳನ್ನು ತೋರಿಸಿ ಮುಂದೆ ಹೋಗುತ್ತಾರೆ.

ಇಷ್ಟಾದ ಮೇಲೆ ಸುದ್ದಿಯಾಗಿ ಹರಡುವಾಗ ಇಂಥ ಕತೆ ಬದಲಾಗುತ್ತದೆ. ವೈರಸ್ಸು ಕೋಶದೊಳಗೆ 'ನುಗ್ಗುತ್ತದೆ', ಅದನ್ನು 'ಅಪಹರಿಸುತ್ತದೆ', 'ಗುಲಾಮನನ್ನಾಗಿ ಮಾಡಿಕೊಳ್ಳುತ್ತದೆ'. ಇಂಗ್ಲಿಷಿನ ಜನಪ್ರಿಯ ವಿಜ್ಞಾನ ಬರಹದ ರೂಢಿ ಇದು. ಕನ್ನಡದಲ್ಲಿ ನಾವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದೇವೆ. ನಮ್ಮ ಪದದಲ್ಲೇ ಹಗೆತನ ಇದೆ. ವೈರ ಮತ್ತು ಅಣು ಸೇರಿ ವೈರಾಣು. ಪದ ಜಾಣತನದ್ದು, 'ವೈರಸ್' ಎಂಬ ಧ್ವನಿಯನ್ನೂ ಉಳಿಸಿಕೊಂಡು ಅರ್ಥವನ್ನೂ ಕೊಡುತ್ತದೆ. ಮೂಲ ಲ್ಯಾಟಿನ್ ಪದಕ್ಕೆ ವಿಷ ಎಂಬ ಅರ್ಥವಿತ್ತು. 'ವಿಷಾಣು' ಎನ್ನುವವರು ಅದನ್ನು ಅನುಸರಿಸುತ್ತಾರೆ. ವಿಷಕ್ಕೆ ಉದ್ದೇಶವಿಲ್ಲ, ವೈರಕ್ಕೆ ಉದ್ದೇಶವಿದೆ. ಆ ಒಂದು ಪದ ಬಳಸಿದ ಕೂಡಲೇ ಕತೆಯಲ್ಲಿ ಶತ್ರು ಬಂದು ಕೂರುತ್ತಾನೆ. ಅಮ್ಮ ಕೈ ಒರೆಸಿಕೊಂಡದ್ದು ಆ ಶತ್ರುವಿಗೆ ಹೆದರಿ.

ಆದರೆ ಈ ಕತೆಯಲ್ಲಿ ವೈರ ಎಲ್ಲಿದೆ ಎಂದು ಹುಡುಕಿದರೆ ಸಿಗುವುದಿಲ್ಲ. ಎಚ್‌ಐವಿಯಂಥ ವೈರಸ್ಸುಗಳಿಗೆ ನಮ್ಮ ಡಿಎನ್‌ಎಯೊಳಗೆ ಸೇರುವುದೇ ಬದುಕಿನ ಕ್ರಮ, ಅದಕ್ಕೆ ಬೇಕಾದ ಕಿಣ್ವವನ್ನು ಅವು ಹೊತ್ತುಕೊಂಡೇ ಬರುತ್ತವೆ. ಪಾಲಿಯೋಮಾ ವೈರಸ್ಸಿಗೆ ಅಂಥ ಸಾಧನವೂ ಇಲ್ಲ, ಅದರ ಅಗತ್ಯವೂ ಇಲ್ಲ. ಪ್ರತ್ಯೇಕ ಉಂಗುರವಾಗಿದ್ದುಕೊಂಡೇ ಅದು ತನ್ನ ನಕಲುಗಳನ್ನು ಮಾಡಿಕೊಳ್ಳುತ್ತದೆ, ಚರ್ಮದಿಂದ ಸದ್ದಿಲ್ಲದೆ ಉದುರುತ್ತಿರುತ್ತದೆ. ಬೇರೆಬೇರೆ ರೋಗಿಗಳಲ್ಲಿ ಅದು ಸೇರಿಕೊಂಡ ಜಾಗ ಬೇರೆಬೇರೆ. ಗುರಿಯಿಟ್ಟು ಹೊಡೆದದ್ದರ ಲಕ್ಷಣ ಇದಲ್ಲ, ಡಿಎನ್‌ಎ ಮುರಿದು ಮತ್ತೆ ಬೆಸೆದುಕೊಳ್ಳುವಾಗ ಆದ ಅವಘಡದ ಲಕ್ಷಣ.

ಅದೇ ವರ್ಷ ಅದೇ ಗುಂಪು ಪ್ರಕಟಿಸಿದ ಎರಡನೆಯ ಲೇಖನ ಈ ಅವಘಡದ ಇನ್ನೊಂದು ಅರ್ಧವನ್ನು ತೋರಿಸಿತು. ವೈರಸ್ಸಿನ 'ಲಾರ್ಜ್ ಟಿ' ಎಂಬ ಪ್ರೋಟೀನಿಗೆ ಎರಡು ಕೆಲಸ. ಒಂದು ತುದಿ ಕೋಶ ವಿಭಜನೆಯ ಬ್ರೇಕಿನಂತಿರುವ ಆರ್‌ಬಿ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ, ಇನ್ನೊಂದು ತುದಿ ವೈರಸ್ಸಿನ ಡಿಎನ್‌ಎಯನ್ನು ಬಿಚ್ಚಿ ನಕಲು ಮಾಡಿಸುತ್ತದೆ. ಗೆಡ್ಡೆಗಳಲ್ಲಿ ಸಿಕ್ಕ ವೈರಸ್ಸಿನಲ್ಲಿ ಈ ಪ್ರೋಟೀನಿನ ವಾಕ್ಯ ನಡುವೆಯೇ ಮುಗಿದುಹೋಗಿತ್ತು. ಎಲ್ಲಿಂದಲೋ ಒಂದು ಪೂರ್ಣವಿರಾಮ ಬಂದು ಬಿದ್ದಿತ್ತು. ಬ್ರೇಕನ್ನು ಹಿಡಿಯುವ ಭಾಗ ಉಳಿದಿತ್ತು, ನಕಲು ಮಾಡಿಸುವ ಭಾಗ ಹೋಗಿತ್ತು. ನಕಲು ಮಾಡಿಸುವ ಭಾಗ ಇದ್ದಿದ್ದರೆ ನಮ್ಮ ವರ್ಣತಂತುವಿನ ನಡುವಿನಿಂದಲೇ ವೈರಸ್ಸಿನ ನಕಲು ಶುರುವಾಗಿ, ಡಿಎನ್‌ಎ ಹರಿದು, ಆ ಕೋಶ ಸಾಯುತ್ತಿತ್ತು. ಹಾಗೆ ಸತ್ತ ಕೋಶಗಳು ಯಾವ ಆಸ್ಪತ್ರೆಗೂ ಬರುವುದಿಲ್ಲ. ಸೇರ್ಪಡೆ ಮತ್ತು ತುಂಡಾಗುವಿಕೆ ಎರಡೂ ಒಂದೇ ಕೋಶದ ವಂಶದಲ್ಲಿ ಕೂಡಿಬಂದಾಗ ಮಾತ್ರ ಗೆಡ್ಡೆಗೆ ದಾರಿ. ರೋಗ ಇಷ್ಟು ಅಪರೂಪವಾಗಿರುವುದಕ್ಕೆ ಇದೂ ಒಂದು ಕಾರಣ.

ಇದರ ಅರ್ಥವನ್ನು ನಿಧಾನವಾಗಿ ನೋಡಬೇಕು. ಗೆಡ್ಡೆಯೊಳಗಿನ ವೈರಸ್ಸು ಇನ್ನೆಂದೂ ಹೊಸ ವೈರಸ್ಸನ್ನು ಹುಟ್ಟಿಸಲಾರದು, ಯಾರಿಗೂ ಹರಡಲಾರದು. ಅದರ ಮಟ್ಟಿಗೆ ವಂಶ ಅಲ್ಲಿಗೆ ಮುಗಿಯಿತು. ಯುದ್ಧದ ರೂಪಕದಲ್ಲಿ ಒಬ್ಬ ಗೆಲ್ಲಬೇಕು, ಒಬ್ಬ ಸೋಲಬೇಕು. ಇಲ್ಲಿ ರೋಗಿಗೂ ನಷ್ಟ, ವೈರಸ್ಸಿಗೂ ನಷ್ಟ, ರೋಗಿಯೊಂದಿಗೆ ಸಾಯುವ ಗೆಡ್ಡೆಗೂ ನಷ್ಟ. ಮನುಷ್ಯರ ಪಪಿಲೋಮಾ ವೈರಸ್ಸು ಮತ್ತು ಗರ್ಭಕಂಠದ ಕ್ಯಾನ್ಸರಿನ ನಡುವಿನ ನಂಟನ್ನು ತೋರಿಸಿದ್ದಕ್ಕಾಗಿ ಹೆರಾಲ್ಡ್ ಸುರ್ ಹೌಸೆನ್ ಅವರಿಗೆ ನೊಬೆಲ್ ಬಂದದ್ದೂ 2008ರಲ್ಲಿಯೇ. ಅಲ್ಲಿಯೂ ವೈರಸ್ಸು ನಮ್ಮ ಡಿಎನ್‌ಎಯೊಳಗೆ ಮುರಿದು ಸೇರಿಕೊಂಡಾಗ ಅದರ ಸಹಜ ಬದುಕು ಸಾಮಾನ್ಯವಾಗಿ ಅಲ್ಲಿಗೆ ನಿಲ್ಲುತ್ತದೆ.

1971ರ ಡಿಸೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ರಾಷ್ಟ್ರೀಯ ಕ್ಯಾನ್ಸರ್ ಕಾಯಿದೆಗೆ ಸಹಿ ಹಾಕಿದ ಮೇಲೆ 'ಕ್ಯಾನ್ಸರ್ ವಿರುದ್ಧ ಸಮರ' ಎಂಬ ಮಾತು ಜಗತ್ತಿಗೆಲ್ಲ ರೂಢಿಯಾಯಿತು. ಸ್ವತಃ ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದಿದ್ದ ಸೂಸನ್ ಸೊಂಟಾಗ್ 1978ರ ತಮ್ಮ ಪುಸ್ತಕದಲ್ಲಿ ಈ ಸೈನಿಕ ಭಾಷೆಯನ್ನು ಪ್ರಶ್ನಿಸಿದರು. ರೋಗವನ್ನು ರೂಪಕಗಳಿಂದ ಬಿಡಿಸಿ ನೋಡಬೇಕು ಎಂಬುದು ಅವರ ಹಂಬಲ. ನನಗೆ ಅದು ಪೂರ್ತಿ ಸಾಧ್ಯವೆನ್ನಿಸುವುದಿಲ್ಲ. 'ಕೋಶ' ಎಂಬುದೇ ರೂಪಕ, ಡಿಎನ್‌ಎಯ 'ಅಕ್ಷರ' ಎಂಬುದೂ ರೂಪಕ. ನಾನು ಮೇಲೆ ಬಳಸಿದ ಪ್ರಕ್ಷೇಪವೂ ಅಷ್ಟೆ. ಅದಕ್ಕೂ ಮಿತಿಯಿದೆ. ಲಿಪಿಕಾರನಿಗೆ ಭಕ್ತಿಯೋ ಜಾಣತನವೋ ಆಲಸ್ಯವೋ ಇರುತ್ತದೆ, ಕೋಶಕ್ಕೆ ಏನೂ ಇಲ್ಲ. ಪ್ರಕ್ಷಿಪ್ತ ಪದ್ಯದಿಂದ ಯಾರೂ ಸಾಯುವುದಿಲ್ಲ. ರೂಪಕವನ್ನು ಬಿಡಲಾಗದಿದ್ದರೂ, ಅದು ತಪ್ಪು ಕಡೆಗೆ ಬೆರಳು ತೋರಿಸುತ್ತಿದೆಯೇ ಎಂದಾದರೂ ನೋಡಬಹುದು. ವೈರ ಎಂಬುದು ಅಪರಾಧಿಯನ್ನು ಹುಡುಕಿಸುತ್ತದೆ. ಎಲ್ಲಿಂದ ತಂದುಕೊಂಡೆ, ಯಾರಿಂದ ಬಂತು, ಏನು ತಪ್ಪು ಮಾಡಿದೆ ಎಂದು ರೋಗಿಯನ್ನು ಕೇಳಿಸುತ್ತದೆ. ಪ್ರಕ್ಷೇಪ ಎಂಬುದು ಕೇಳಿಸುವ ಪ್ರಶ್ನೆ ಬೇರೆ: ಎಲ್ಲಿ ಸೇರಿತು, ಯಾವಾಗ ಸೇರಿತು, ಅದನ್ನು ಗುರುತಿಸುವುದು ಹೇಗೆ?

ಹೊಗಳಿದ ಲೇಖನದ ಬಗ್ಗೆಯೂ ನನ್ನದೊಂದು ತಕರಾರಿದೆ. ಅಷ್ಟು ಸಂಯಮದಿಂದ ಬರೆದವರು ಹೆಸರಿಡುವಾಗ ಆ ಸಂಯಮವನ್ನು ಉಳಿಸಿಕೊಳ್ಳಲಿಲ್ಲ. ಹೊಸ ವೈರಸ್ಸಿಗೆ ಅವರು ಇಟ್ಟದ್ದು 'ಮರ್ಕೆಲ್ ಕೋಶ ಪಾಲಿಯೋಮಾ ವೈರಸ್' ಎಂಬ ಹೆಸರು. ನಂತರದ ಅಧ್ಯಯನಗಳು ತೋರಿಸಿದಂತೆ ವಯಸ್ಕರಲ್ಲಿ ಬಹುಪಾಲು ಜನರ ರಕ್ತದಲ್ಲಿ ಈ ವೈರಸ್ಸನ್ನು ಎದುರಿಸಿದ ಗುರುತಿದೆ. ಸೋಂಕು ಹೆಚ್ಚಾಗಿ ಬಾಲ್ಯದಲ್ಲೇ ತಗುಲುತ್ತದೆ, ಯಾವ ಲಕ್ಷಣವೂ ಕಾಣುವುದಿಲ್ಲ. ಊರಿನ ಬಹುತೇಕರ ಮನೆಯಲ್ಲಿ ತೆಪ್ಪಗೆ ಬಾಳುತ್ತಿರುವ ಒಬ್ಬನಿಗೆ, ಲಕ್ಷಕ್ಕೊಮ್ಮೆ ಆದ ಅವಘಡದ ಹೆಸರನ್ನೇ ಅಂಟಿಸಿದಂತಾಯಿತು. ಮರ್ಕೆಲ್ ಹೆಸರೂ ಅಷ್ಟೇ ಅಸ್ಥಿರ. ಪಕ್ವವಾದ ಮರ್ಕೆಲ್ ಕೋಶಗಳು ವಿಭಜನೆಗೊಳ್ಳುವಂಥವಲ್ಲ. ಈ ಕ್ಯಾನ್ಸರ್ ಹುಟ್ಟುವುದು ಅವುಗಳಿಂದಲೇ ಎಂಬುದನ್ನು ಈಗ ಅನೇಕ ಸಂಶೋಧಕರು ಒಪ್ಪುವುದಿಲ್ಲ, ಚರ್ಮದ ಬೇರೆ ಮೂಲಕೋಶಗಳ ಕಡೆಗೆ ನೋಡುತ್ತಿದ್ದಾರೆ. ಟೋಕರ್ ಕಂಡ ಆಕಾರಕ್ಕಷ್ಟೇ ಹೆಸರಿಟ್ಟದ್ದು ಈಗ ಹೆಚ್ಚು ಪ್ರಾಮಾಣಿಕ ಅನ್ನಿಸುತ್ತದೆ.

10ರಲ್ಲಿ ವೈರಸ್ಸಿಲ್ಲದ ಆ 2 ಗೆಡ್ಡೆಗಳನ್ನೂ ಮರೆಯಬಾರದು. ವೈರಸ್ಸಿಲ್ಲದ ಗೆಡ್ಡೆಗಳ ಡಿಎನ್‌ಎ ತುಂಬ ಬಿಸಿಲಿನ ಅತಿನೇರಳೆ ಕಿರಣಗಳ ಗಾಯದ ಗುರುತುಗಳು ಇರುತ್ತವೆ ಎಂದು ಆಮೇಲೆ ಗೊತ್ತಾಯಿತು. ವೈರಸ್ಸಿರುವ ಗೆಡ್ಡೆಗಳಲ್ಲಿ ಅಂಥ ಗಾಯಗಳು ತೀರ ಕಡಿಮೆ. ಬಿಸಿಲು ಪ್ರಖರವಾಗಿರುವ ಆಸ್ಟ್ರೇಲಿಯಾದಲ್ಲಿ ವೈರಸ್ಸಿಲ್ಲದ ಗೆಡ್ಡೆಗಳ ಪಾಲು ಹೆಚ್ಚು. ಸಾವಿರಾರು ಅಕ್ಷರದೋಷಗಳಿಂದ ಹಾಳಾದ ಪ್ರತಿ ಒಂದು, ಒಂದೇ ಪ್ರಕ್ಷಿಪ್ತ ಭಾಗದಿಂದ ಹಾಳಾದ ಪ್ರತಿ ಇನ್ನೊಂದು. ಸೂಕ್ಷ್ಮದರ್ಶಕದ ಕೆಳಗೆ ಎರಡೂ ಒಂದೇ ರೋಗ. 'ಕಾರಣ' ಎಂಬ ಪದವನ್ನು ಶೀರ್ಷಿಕೆಯಿಂದ ಹೊರಗಿಟ್ಟದ್ದು ಎಷ್ಟು ವಿವೇಕದ ಕೆಲಸ ಎಂದು ಈಗ ತಿಳಿಯುತ್ತದೆ.

ಹಾಗೆಂದು ವೈರಸ್ಸನ್ನು ನಿರಪರಾಧಿ ಎಂದು ಬಿಟ್ಟುಕಳಿಸುವ ವಾದ ನನ್ನದಲ್ಲ. ವೈರಸ್ಸಿರುವ ಗೆಡ್ಡೆಯ ಕೋಶಗಳಲ್ಲಿ ಅದರ ಟಿ ಪ್ರೋಟೀನುಗಳನ್ನು ಪ್ರಯೋಗಾಲಯದಲ್ಲಿ ತಡೆದಾಗ ಕೋಶಗಳ ಬೆಳವಣಿಗೆ ನಿಂತು ಅವು ಸಾಯುತ್ತವೆ ಎಂದು 2010ರ ಹೊತ್ತಿಗೆ ತೋರಿಸಲಾಯಿತು. ಮರುವರ್ಷ, ಅದರ 'ಸ್ಮಾಲ್ ಟಿ' ಪ್ರೋಟೀನು ಕೋಶಗಳನ್ನು ಕ್ಯಾನ್ಸರಿನ ದಾರಿಗೆ ತಿರುಗಿಸಬಲ್ಲದು ಎಂಬುದೂ ಪ್ರಕಟವಾಯಿತು. ಗೆಡ್ಡೆ ಆ ಪ್ರಕ್ಷಿಪ್ತ ಭಾಗವನ್ನು ನೆಚ್ಚಿಕೊಂಡೇ ಬದುಕುತ್ತದೆ. ಆದ್ದರಿಂದಲೇ ಅದನ್ನು ಬಿಟ್ಟುಕೊಡಲೂ ಆಗುವುದಿಲ್ಲ, ಅಡಗಿಸಲೂ ಆಗುವುದಿಲ್ಲ. ಹಳೆಯ ಕಾವ್ಯದ ನಡುವೆ ಸೇರಿದ ಪದ್ಯವನ್ನು ಅದರ ಬೇರೆ ಶೈಲಿಯಿಂದ ಸಂಪಾದಕ ಪತ್ತೆಮಾಡುವಂತೆ, ನಮ್ಮ ರೋಗನಿರೋಧಕ ವ್ಯವಸ್ಥೆ ಈ ಪರಕೀಯ ಪ್ರೋಟೀನನ್ನು ಗುರುತಿಸಬಲ್ಲದು. ಈ ಪ್ರೋಟೀನಿನ ವಿರುದ್ಧ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳ ಏರಿಳಿತವನ್ನು ನೋಡಿ ರೋಗ ಮರುಕಳಿಸಿದೆಯೇ ಎಂದು ಅಂದಾಜು ಮಾಡುವ ಪರೀಕ್ಷೆ ಬಳಕೆಯಲ್ಲಿದೆ. ನಿರೋಧಕ ಕೋಶಗಳ ಮೇಲಿನ ತಡೆಯನ್ನು ತೆಗೆಯುವ ಪೆಂಬ್ರೊಲಿಜುಮಾಬ್ ಔಷಧವನ್ನು 26 ರೋಗಿಗಳಿಗೆ ಕೊಟ್ಟು ನೋಡಿದ ಅಧ್ಯಯನ 2016ರಲ್ಲಿ ಬಂತು. ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಗೆಡ್ಡೆ ಕುಗ್ಗಿತ್ತು. ವೈರಸ್ಸಿಲ್ಲದವರಲ್ಲೂ ಅದು ಕೆಲಸ ಮಾಡಿತು, ಅವರ ಗೆಡ್ಡೆಯ ಸಾವಿರಾರು ದೋಷಗಳೇ ಅಲ್ಲಿ ಪರಕೀಯ ಗುರುತುಗಳಾದವು ಎಂದು ಅದನ್ನು ಅರ್ಥ ಮಾಡಿಕೊಳ್ಳುತ್ತಾರೆ. 2017ರ ಮಾರ್ಚಿನಲ್ಲಿ ಇದೇ ಬಗೆಯ ಅವೆಲುಮಾಬ್, ಹರಡಿದ ಮರ್ಕೆಲ್ ಕೋಶ ಕ್ಯಾನ್ಸರಿಗೆಂದೇ ಅಮೆರಿಕದಲ್ಲಿ ಅನುಮತಿ ಪಡೆದ ಮೊದಲ ಔಷಧವಾಯಿತು. ಎಲ್ಲರೂ ಗುಣವಾಗುವುದಿಲ್ಲ. ಆದರೆ 1972ರಲ್ಲಿ ಟೋಕರ್ ಕಂಡ ಐವರಿಗೆ ಇಂಥದ್ದೊಂದು ದಾರಿ ಇರಲಿಲ್ಲ.

'ವೈರಾಣು' ಪದವನ್ನು ನಾಳೆಯಿಂದ ಕೈಬಿಡಬೇಕು ಎಂದು ನಾನು ಹೇಳುತ್ತಿಲ್ಲ. ಪತ್ರಿಕೆಗಳಲ್ಲಿ, ಪಠ್ಯಗಳಲ್ಲಿ ಅದು ಬೇರುಬಿಟ್ಟಿದೆ, ಈ ಬರಹದ ಶೀರ್ಷಿಕೆಯಲ್ಲೂ ಕೂತಿದೆ. ಆದರೆ ಕನ್ನಡದಲ್ಲಿ ವಿಜ್ಞಾನ ಬರೆಯುವವರು, ನಾನೂ ಸೇರಿ, ಸಾಧ್ಯವಾದ ಕಡೆ 'ವೈರಸ್ಸು' ಎಂದು ಬರೆದರೆ ನಷ್ಟವೇನಿಲ್ಲ. ಬಸ್ಸು, ಕೇಸುಗಳಂತೆ ಅದೂ ಕನ್ನಡದ್ದೇ ಆಗಿದೆ, ಹಗೆತನದ ಹೊರೆ ಅದರ ಮೇಲಿಲ್ಲ. ಅಮ್ಮನಿಗೆ ಕೊಡಬೇಕಾಗಿದ್ದ ಉತ್ತರವನ್ನು ಈಗ ಹೀಗೆ ಹೇಳುತ್ತೇನೆ: ಚರ್ಮದ ಮೇಲೆ ಬಹುತೇಕ ಎಲ್ಲರಿಗೂ ಇರುವ ಒಂದು ವೈರಸ್ಸಿದೆ, ಅದಕ್ಕೆ ನಮ್ಮ ಮೇಲೆ ಯಾವ ಸಿಟ್ಟೂ ಇಲ್ಲ. ಎಲ್ಲೋ ಒಬ್ಬರಲ್ಲಿ, ಒಂದು ಕೋಶದಲ್ಲಿ, ಅದು ಮುರಿದು ತಪ್ಪು ಜಾಗದಲ್ಲಿ ಸಿಕ್ಕಿಕೊಳ್ಳುತ್ತದೆ. ಆ ಒಬ್ಬರನ್ನು ಮುಟ್ಟಿದರೆ ಕ್ಯಾನ್ಸರ್ ಅಂಟುವುದಿಲ್ಲ. ಅವರ ಕೈ ಹಿಡಿದುಕೊಳ್ಳಬಹುದು.